ಜೆ.ಸಿ. ರಸ್ತೆಯಲ್ಲೊಂದು ಕ್ಲಚ್ ಪಾಠ

ಬೆಂಗಳೂರಿನ ಪುರಭವನದ ಬಳಿಯಿಂದ ಮಿನರ್ವ ವೃತ್ತದ ಕಡೆಗೆ ಹೆಜ್ಜೆ ಹಾಕಿದರೆ ಮೊದಲು ಎದುರಾಗುವುದು ರವೀಂದ್ರ ಕಲಾಕ್ಷೇತ್ರ. 1963ರಿಂದ ಎಷ್ಟೋ ನಾಟಕಗಳಿಗೆ ಬೆಳಕು ಕೊಟ್ಟ ರಂಗಮಂದಿರವದು. ಅದನ್ನು ದಾಟಿದ ಮೇಲೆ ಗ್ರೀಸಿನ ವಾಸನೆ ಶುರು! ರಸ್ತೆಯ ಎರಡೂ ಬದಿಗೆ ತೂಗುಹಾಕಿದ ಸೀಟ್ ಕವರುಗಳು, ಗೋಪುರದಂತೆ ಪೇರಿಸಿದ ಟಯರುಗಳು, ಗಾಜಿನ ಕಪಾಟಿನಲ್ಲಿ ಮಿನುಗುವ ಬೇರಿಂಗುಗಳು. ಮೈಸೂರಿನ ಕೊನೆಯ ಮಹಾರಾಜರ ಹೆಸರು ಹೊತ್ತ ಜಯಚಾಮರಾಜೇಂದ್ರ ರಸ್ತೆಯನ್ನು ಪೂರ್ತಿ ಹೆಸರಿನಿಂದ ಕರೆಯುವವರು ಈಗ ಅಪರೂಪ. ನಾಡಿನ ಮೂಲೆಮೂಲೆಯ ಮೆಕ್ಯಾನಿಕ್ಕುಗಳಿಗೆ ಅದು ‘ಜೆ.ಸಿ. ರೋಡ್’ ಅಷ್ಟೆ. ‘ಎಲ್ಲೂ ಸಿಗದಿದ್ದರೆ ಜೆ.ಸಿ. ರೋಡಿಗೆ ಹೋಗಿ’ ಎಂಬುದು ಗ್ಯಾರೇಜುಗಳ ಕಡೆಯ ಉತ್ತರ.

ಬೆಂಗಳೂರು ನೋಡಲು ಬಂದವರು ಲಾಲ್‌ಬಾಗ್, ಕಬ್ಬನ್ ಉದ್ಯಾನ, ವಿಧಾನಸೌಧ ನೋಡಿ ಮರಳುತ್ತಾರೆ. ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಯವರು ಈ ರಸ್ತೆಯಲ್ಲೂ ಅರ್ಧ ದಿನ ಕಳೆಯಬೇಕೆಂದು ನನ್ನ ಸಲಹೆ. ಏಕೆಂದರೆ ಪಠ್ಯಪುಸ್ತಕದ ಚಿತ್ರಗಳು ಇಲ್ಲಿ ತೂಕ, ಬೆಲೆ, ಅಳತೆಗಳ ಸಮೇತ ಕೈಗೆ ಸಿಗುತ್ತವೆ. ಸಕಲೇಶಪುರದ ಕಡೆಯ ಒಬ್ಬ ಕಾಫಿ ಬೆಳೆಗಾರರು ಮತ್ತು ಮೆಕ್ಯಾನಿಕಲ್ ಓದುತ್ತಿರುವ ಅವರ ಮಗನ ಜೊತೆ ಇಲ್ಲಿ ಸುತ್ತಾಡುವ ಅವಕಾಶ ನನಗೆ ಒದಗಿತ್ತು.

ಹುಡುಗನ ಹಟ, ತಂದೆಯ ಷರತ್ತು

ಅವರ ಮನೆಯಲ್ಲೊಂದು ಹಳೆಯ ಮಾರುತಿ ಜಿಪ್ಸಿ ಇದೆ. 1985ರಲ್ಲಿ 970 ಸಿ.ಸಿ. ಎಂಜಿನ್ನಿನೊಡನೆ ಬಂದ ಜಿಪ್ಸಿ ಮುಂದೆ 1.3 ಲೀಟರಿನದಾಯಿತು. ಮಲೆನಾಡಿನ ಎಸ್ಟೇಟುಗಳಲ್ಲೂ ರ‍್ಯಾಲಿ ಮೈದಾನಗಳಲ್ಲೂ ಅದು ಮನೆಮಾತು. ಇವರ ಗಾಡಿಗೆ ಅಗಲದ ಟಯರು, ಹೊಸ ಎಕ್ಸಾಸ್ಟ್ ಕೊಳವೆ, ಜೊತೆಗೆ ಗಡುಸಾದ ಕ್ಲಚ್ ಪ್ರೆಷರ್ ಪ್ಲೇಟ್ ಹಾಕಿಸಲಾಗಿತ್ತು. ಕೆಸರಿನಲ್ಲಿ ಜಾರದೆ ಏರುತ್ತಿತ್ತು, ನಿಜ. ಆದರೆ ಕ್ಲಚ್ ಪೆಡಲು ಮಾತ್ರ ಒರಳುಕಲ್ಲಿನಷ್ಟು ಭಾರ! ಒಂದೇ ವರ್ಷದಲ್ಲಿ ಮೂರು ಕೇಬಲ್ ಹರಿದವು. ಮೂರನೆಯದು ಹರಿದದ್ದು ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿಗಳ ಸಾಲು ನಿಂತಿದ್ದಾಗ. ಆಗ ಗಾಡಿ ಓಡಿಸುತ್ತಿದ್ದವರು ಹುಡುಗನ ತಾಯಿ.

ಮನೆಯಿಂದ ಪೇಟೆಗೆ, ಆಸ್ಪತ್ರೆಗೆ, ನೆಂಟರಿಷ್ಟರ ಮನೆಗೆ ಆ ತಾಯಿ ಯಾರ ಹಂಗೂ ಇಲ್ಲದೆ ಹೋಗಿಬರುತ್ತಿದ್ದುದು ಈ ಜಿಪ್ಸಿಯಲ್ಲೇ. ಮಂಡಿನೋವು ಶುರುವಾದ ಮೇಲೆ ಆ ಪೆಡಲು ಅವರಿಗೆ ಶತ್ರುವಾಯಿತು. ಘಾಟಿಯ ಘಟನೆಯ ಮರುದಿನವೇ ತಂದೆ ‘ಮಾರಿಬಿಡೋಣ’ ಎಂದರು. ಮಗ ‘ಹೈಡ್ರಾಲಿಕ್ ಕ್ಲಚ್ ಹಾಕುತ್ತೇನೆ’ ಎಂದ. ‘ಹಾಕು, ಆದರೆ ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸು. ಲೆಕ್ಕ ಸರಿಯಾದರೆ ದುಡ್ಡು, ಇಲ್ಲವಾದರೆ ಗಾಡಿ ಮಾರಾಟ’ ಎಂಬುದು ತಂದೆಯ ಷರತ್ತು. ಗದರುವುದಕ್ಕಿಂತ ಒಳ್ಳೆಯ ದಾರಿಯಲ್ಲವೇ?

ದಾರದಿಂದ ದ್ರವಕ್ಕೆ

ಕ್ಲಚ್ ಎಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕೈಕುಲುಕಾಟ. ಪೆಡಲು ತುಳಿದಾಗ ಕೈ ಬಿಡಬೇಕು, ಬಿಟ್ಟಾಗ ಹಿಡಿಯಬೇಕು. ಪಾದದ ಒತ್ತಡವನ್ನು ಗೇರ್‌ಬಾಕ್ಸಿನ ಪಕ್ಕದ ಸನ್ನೆಗೆ ಮುಟ್ಟಿಸಲು ಎರಡು ಪ್ರಸಿದ್ಧ ದಾರಿಗಳಿವೆ.

ಮೊದಲನೆಯದು ಕೇಬಲ್. ಸೈಕಲ್ಲಿನ ಬ್ರೇಕಿನಲ್ಲಿರುವಂತೆ, ಹೊರಗೊಂದು ಕವಚ, ಒಳಗೊಂದು ಉಕ್ಕಿನ ತಂತಿ. ಬ್ರಿಟನ್ನಿನಲ್ಲಿ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಅರ್ನೆಸ್ಟ್ ಬೌಡೆನ್ ಹೆಸರಿನಿಂದ ಇದನ್ನು ‘ಬೌಡೆನ್ ಕೇಬಲ್’ ಎನ್ನುತ್ತಾರೆ. ಮಾರುತಿ 800, ಓಮ್ನಿ, ಜಿಪ್ಸಿಗಳೆಲ್ಲ ಕೇಬಲ್ ಕ್ಲಚ್ಚಿನವೇ. ಅಗ್ಗ, ಹಗುರ, ಸರಳ. ದೋಷವೆಂದರೆ ಬಾಗು ಹೆಚ್ಚಿದಷ್ಟೂ ಒಳಗಿನ ಉಜ್ಜಾಟ ಹೆಚ್ಚುತ್ತದೆ. ಬಾವಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಎಳೆದು ನೋಡಿ, ತಿಳಿಯುತ್ತದೆ. ಈ ಜಿಪ್ಸಿಯಲ್ಲಿ ಹೊಸ ಎಕ್ಸಾಸ್ಟ್ ಕೊಳವೆಯನ್ನು ತಪ್ಪಿಸಲು ಕೇಬಲನ್ನು ಬಳಸಿ ಬಳಸಿ ಒಯ್ದಿದ್ದರು. ಬಿಸಿಗೆ ಒಳಗಿನ ಗ್ರೀಸು ಒಣಗಿ, ಬಾಗಿನಲ್ಲಿ ತಂತಿ ಎಳೆಎಳೆಯಾಗಿ ತುಂಡಾಗುತ್ತಿತ್ತು.

ಎರಡನೆಯದು ಹೈಡ್ರಾಲಿಕ್. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸಿನ ಬಳಿ ಸ್ಲೇವ್ ಸಿಲಿಂಡರ್, ನಡುವೆ ದ್ರವ ತುಂಬಿದ ಕೊಳವೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಬ್ಲೇಸ್ ಪ್ಯಾಸ್ಕಲ್ ಹೇಳಿದ ಪಾಠವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ಕೊಳವೆ ಎಷ್ಟು ಬಾಗಿದರೂ ದ್ರವಕ್ಕೆ ಬೇಸರವಿಲ್ಲ. ಇನ್ನೊಂದು ಉಪಕಾರವೂ ಇದೆ. ಕ್ಲಚ್ ಪ್ಲೇಟು ಸವೆದಂತೆ ಸನ್ನೆಯ ಜಾಗ ತುಸು ತುಸು ಬದಲಾಗುತ್ತದೆ. ಕೇಬಲ್ ಆದರೆ ಆಗಾಗ ನಟ್ಟು ತಿರುಗಿಸಿ ಸರಿಪಡಿಸಬೇಕು. ಸದಾ ಬೇರಿಂಗಿಗೆ ತಾಗಿಕೊಂಡೇ ಇರುವ ಹೈಡ್ರಾಲಿಕ್ ಜೋಡಣೆಯಲ್ಲಿ ಸ್ಲೇವಿನ ಪಿಸ್ಟನ್ನು ತಾನೇ ಹಿಂದೆ ಸರಿದು, ಹೆಚ್ಚುವರಿ ದ್ರವ ಡಬ್ಬಿಗೆ ಮರಳುತ್ತದೆ.

‘ಅಳತೆ ತಂದಿದ್ದೀರಾ?’

ನಾವು ಹೊಕ್ಕ ಮೊದಲ ಅಂಗಡಿಯ ಹಿರಿಯರು ಕೇಳಿದ ಮೊದಲ ಪ್ರಶ್ನೆಯೇ ಇದು. ಹುಡುಗ ನೋಟ್‌ಬುಕ್ ತೆಗೆದ. ಕೇಬಲ್ ಬಿಚ್ಚುವ ಮೊದಲೇ ಅವನು ಒಂದು ಕೆಲಸ ಮಾಡಿದ್ದ. ತಮ್ಮನಿಂದ ಪೆಡಲು ತುಳಿಸಿ, ಗೇರ್‌ಬಾಕ್ಸಿನ ಸನ್ನೆಯ ತುದಿ ಎಷ್ಟು ಚಲಿಸುತ್ತದೆಂದು ಅಳೆದಿದ್ದ. ಕ್ಲಚ್ ಪೂರ್ತಿ ಬಿಡಲು ಬೇಕಾದದ್ದು 15 ಮಿಲಿಮೀಟರ್. ಪೆಡಲಿನ ಅನುಪಾತ 6ಕ್ಕೆ 1. ಪೆಡಲು 144 ಮಿ.ಮೀ. ಇಳಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು 24 ಮಿ.ಮೀ. ಚಲಿಸುತ್ತದೆ.

ಇನ್ನು ಉಳಿದದ್ದು ಸ್ಲೇವಿನ ವ್ಯಾಸ. ಮಾಸ್ಟರ್ ಮುಕ್ಕಾಲು ಇಂಚಿಗಿಂತ ಸಣ್ಣದು, ಅಂದರೆ 15.87 ಮಿ.ಮೀ. (ಎಂಟರಲ್ಲಿ ಐದು ಇಂಚು) ಎಂದಿಟ್ಟುಕೊಳ್ಳಿ. ಸ್ಲೇವ್ ಕೂಡ ಅಷ್ಟೇ ಇದ್ದರೆ ಸನ್ನೆ 24 ಮಿ.ಮೀ. ಓಡುತ್ತದೆ. ಅದು ಅತಿಯಾಯಿತು, ಪ್ರೆಷರ್ ಪ್ಲೇಟಿನ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳು ಹಾಳಾಗುತ್ತವೆ. ಸ್ಲೇವ್ 22.2 ಮಿ.ಮೀ. ಆದರೆ ಪೆಡಲು ಹೂವಿನಷ್ಟು ಹಗುರ, ಆದರೆ ಸನ್ನೆಯ ಓಟ ಬರೀ 12 ಮಿ.ಮೀ. ಕ್ಲಚ್ ಪೂರ್ತಿ ಬಿಡದೆ ಗೇರು ಕರಕರ ಎನ್ನುತ್ತದೆ. ನಡುವಿನ ಮುಕ್ಕಾಲು ಇಂಚಿನದು, ಎಂದರೆ 19.05 ಮಿ.ಮೀ. ಆದರೆ? ಸುಮಾರು 16.7 ಮಿ.ಮೀ.! ಬೇಕಾದದ್ದಕ್ಕಿಂತ ತುಸು ಹೆಚ್ಚು, ಆ ಹೆಚ್ಚಳವನ್ನು ತಡೆಯಲು ಪೆಡಲಿನ ಕೆಳಗೊಂದು ತಡೆಬೋಲ್ಟು. ಪ್ರಕೃತಿ ಯಾರಿಗೂ ಪುಕ್ಕಟೆ ಕೊಡುವುದಿಲ್ಲ. ಬಲ ಬೇಕೆಂದರೆ ದೂರವನ್ನು ಕೊಡಬೇಕು, ದೂರ ಬೇಕೆಂದರೆ ಬಲವನ್ನು.

ಲೆಕ್ಕ ನೋಡಿದ ಅಂಗಡಿಯವರು ಕನ್ನಡಕ ಮೇಲೇರಿಸಿ ನಕ್ಕರು. ತಂದೆಯ ಮುಖವೂ ಸಡಿಲವಾಯಿತು. ಆದರೆ ಹಿರಿಯರು ಎರಡು ಮಾತು ಸೇರಿಸಿದರು. ಒಂದು, ‘ಕೇಬಲ್ ಎಳೆಯುತ್ತದೆ, ಸಿಲಿಂಡರ್ ತಳ್ಳುತ್ತದೆ. ಹಾಗಾಗಿ ಕೇಬಲ್ ಇದ್ದ ಜಾಗದಲ್ಲೇ ಸಿಲಿಂಡರ್ ಕೂರಿಸಬೇಡ, ಸನ್ನೆಯ ಆಚೆ ಬದಿಗೆ ಬರಲಿ.’ ಇನ್ನೊಂದು, ‘ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರ್ ತರಬೇಡ. ಕೆಲವದರ ಒಳಗೆ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದರಿಂದ ಕ್ಲಚ್ ಸದಾ ಅರ್ಧ ತುಳಿದಂತಾಗಿ ಸುಟ್ಟುಹೋಗುತ್ತದೆ. ಕ್ಲಚ್ಚಿನದೇ ಕೇಳಿ ತಗೋ.’

ಕಲಾಸಿಪಾಳ್ಯದ ಲೇತಿನ ಮುಂದೆ

ಅಲ್ಲಿಂದ ನಾವು ಹೋದದ್ದು ಕಲಾಸಿಪಾಳ್ಯದ ಓಣಿಯೊಂದರ ಲೇತ್ ಅಂಗಡಿಗೆ. ಗಾಡಿಯ ಮುಂಭಾಗದ ತಗಡಿನ ಗೋಡೆಗೆ ಮಾಸ್ಟರ್ ಸಿಲಿಂಡರ್ ಬಿಗಿಯಬೇಕು. ಕಾಲು 10 ಕಿಲೋ ಒತ್ತಿದರೆ ಆರು ಪಟ್ಟಾಗಿ ಆ ತಗಡಿನ ಮೇಲೆ ಬೀಳುವುದು 60 ಕಿಲೋ ಬಲ, ಅದೂ ಪ್ರತಿ ಗೇರಿಗೊಮ್ಮೆ! ತೆಳು ತಗಡು ಬಾಗಿದರೆ ಪೆಡಲಿನ ಓಟವೆಲ್ಲ ಆ ಬಾಗುವಿಕೆಯಲ್ಲೇ ಮುಗಿದುಹೋಗುತ್ತದೆ, ಕಾಲಕ್ರಮೇಣ ಬಿರುಕೂ ಬಿಡುತ್ತದೆ. ಅದಕ್ಕೇ ಒಳಗೂ ಹೊರಗೂ 3 ಮಿ.ಮೀ. ಉಕ್ಕಿನ ಪಟ್ಟಿ. ಲೇತಿನವರು ರಟ್ಟಿನ ನಮೂನೆ ಕೇಳಿದರು. ಹುಡುಗ ಮದುವೆಯ ಆಮಂತ್ರಣ ಪತ್ರಿಕೆಯ ರಟ್ಟನ್ನು ಕತ್ತರಿಸಿ ತಂದಿದ್ದ. ಒಂದು ಗಂಟೆಯಲ್ಲಿ ಬ್ರಾಕೆಟ್ ಸಿದ್ಧ.

ಅಲ್ಲೇ ಬೆಂಚಿನ ಮೇಲೆ ಚಹಾ ಹೀರುತ್ತಿದ್ದ ಹಳೆಯ ಮೆಕ್ಯಾನಿಕ್ ಒಬ್ಬರು ತಕರಾರು ಎತ್ತಿದರು: ‘ಕೇಬಲ್ ಹರಿದರೆ ಎರಡು ಸ್ಪ್ಯಾನರಿನಲ್ಲಿ ರಸ್ತೆ ಬದಿಯಲ್ಲೇ ಹಾಕುತ್ತೇನೆ. ಕಾಡಿನಲ್ಲಿ ನಿನ್ನ ಸೀಲು ಸೋರಿದರೆ ಏನು ಮಾಡುತ್ತೀ?’ ನ್ಯಾಯವಾದ ಪ್ರಶ್ನೆ. ಮಾರ್ಪಾಡಾಗದ ಮಾಮೂಲಿ ಕಾರಿಗೆ ಕೇಬಲ್ಲೇ ಸಾಕು, ಒಳ್ಳೆಯ ಕೇಬಲ್ ಹಾಕಿ ನೇರ ಹಾದಿಯಲ್ಲಿ ಒಯ್ದರೆ ಯಾವ ಬದಲಾವಣೆಯೂ ಬೇಕಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಗಡುಸು ಪ್ರೆಷರ್ ಪ್ಲೇಟು, ಇಕ್ಕಟ್ಟಿನ ಎಕ್ಸಾಸ್ಟ್ ಎರಡೂ ಇರುವುದನ್ನು ಕೇಳಿದ ಮೇಲೆಯೇ ಒಪ್ಪಿದ್ದು. ಒಪ್ಪಿದ ಮೇಲೆ ಗುರುವೇ ಆಗಿಬಿಟ್ಟರು. ಸೀಲಿನ ಕಿಟ್, ಒಂದು ಬಾಟಲಿ ದ್ರವ, ಗಾಳಿ ತೆಗೆಯಲು ಒಂದು ಮೊಳ ಪಾರದರ್ಶಕ ನಳಿಗೆ – ಇವು ಸದಾ ಸೀಟಿನ ಅಡಿಯಲ್ಲಿರಲಿ ಎಂದರು. ದ್ರವ ಬ್ರೇಕಿನದೇ, ಡಾಟ್ 3 ಅಥವಾ ಡಾಟ್ 4. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲು ಉಬ್ಬಿ ಕೆಡುತ್ತದೆ. ಬ್ರೇಕ್ ದ್ರವ ಬಣ್ಣವನ್ನೂ ತಿನ್ನುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಆದ್ದರಿಂದ ಮುಚ್ಚಳ ಬಿಗಿಯಾಗಿರಬೇಕು, ಕಾಲಕಾಲಕ್ಕೆ ಬದಲಾಯಿಸಬೇಕು. ಗಾಳಿ ತೆಗೆಯುವ ನಿಪ್ಪಲ್ ಸ್ಲೇವಿನ ಮೇಲ್ತುದಿಯಲ್ಲಿರಬೇಕು, ಏಕೆಂದರೆ ಗಾಳಿ ಮೇಲೇರುತ್ತದೆ. ಒಂದು ಗುಳ್ಳೆ ಉಳಿದರೂ ತುಳಿತವೆಲ್ಲ ಅದನ್ನು ಕುಗ್ಗಿಸುವುದಕ್ಕೇ ಸರಿ.

ಪೋಷಕರಿಗೊಂದು ಮಾತು

ಮಗ ಅಥವಾ ಮಗಳು ಗಾಡಿ ಬಿಚ್ಚುತ್ತೇನೆಂದರೆ ಗಾಬರಿಯಾಗಬೇಡಿ, ಕಣ್ಣು ಮುಚ್ಚಿಕೊಂಡು ಒಪ್ಪಲೂ ಬೇಡಿ. ಗಾಡಿಯ ಕೆಳಗೆ ಹೋಗುವ ಮುನ್ನ ಜಾಕನ್ನಷ್ಟೇ ನಂಬದೆ ಗಟ್ಟಿ ಸ್ಟ್ಯಾಂಡುಗಳನ್ನು ಇಡಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಿಸಿ. ರಸ್ತೆಗೆ ಇಳಿಸುವ ಮೊದಲು ಅಂಗಳದಲ್ಲೇ ಪರೀಕ್ಷೆಯಾಗಲಿ. ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಎರಡು ನಿಮಿಷ ತುಳಿದು ಹಿಡಿದು, ಆಮೇಲೆ ರಿವರ್ಸ್ ಗೇರು ಸದ್ದಿಲ್ಲದೆ ಬೀಳುತ್ತದೆಯೇ, ಪೆಡಲು ತಾನಾಗಿ ಕೆಳಗಿಳಿಯುತ್ತಿದೆಯೇ, ಎಲ್ಲಾದರೂ ಹನಿ ಕಾಣುತ್ತದೆಯೇ ನೋಡಿ. ಅನುಭವಿ ಮೆಕ್ಯಾನಿಕ್ ಒಬ್ಬರು ನೋಡಿ ಸೈ ಎಂದ ಮೇಲೆಯೇ ಘಾಟಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಾವಣೆಯಂಥ ಕೆಲಸಕ್ಕೆ ಆರ್‌ಟಿಒ ಅನುಮತಿ ಮೊದಲು, ಸ್ಪ್ಯಾನರು ಆಮೇಲೆ. ಯಾವುದೇ ಮಾರ್ಪಾಡಿಗೂ ಮುನ್ನ ಆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ. ಗಾಡಿ ಕಟ್ಟುವ ಹುಚ್ಚು ಹೆಚ್ಚಿದ್ದರೆ ಕಾಲೇಜುಗಳ ತಂಡಗಳಿಗಾಗಿಯೇ ನಡೆಯುವ ಬಾಹಾ, ಸುಪ್ರಾದಂಥ ಸ್ಪರ್ಧೆಗಳಿವೆ. ಅಲ್ಲಿ ಗಾಡಿಯ ಜೊತೆ ಲೆಕ್ಕದ ಪುಸ್ತಕಕ್ಕೂ ಅಂಕ ಸಿಗುತ್ತದೆ.

ತಿಂಗಳ ನಂತರ ಸಕಲೇಶಪುರದಿಂದ ಸುದ್ದಿ ಬಂತು. ಜಿಪ್ಸಿ ಮಾರಾಟವಾಗಿಲ್ಲ. ಅಂಗಳದ ಪರೀಕ್ಷೆಯಲ್ಲಿ ಒಂದು ಕೊಳವೆಯ ಸೇರುವೆ ಸೋರಿತಂತೆ, ಬಿಚ್ಚಿ ಮತ್ತೆ ಬಿಗಿದನಂತೆ. ಮೊದಲು ಓಡಿಸಿ ನೋಡಿದವರು ತಾಯಿ. ಪೆಡಲು ತುಳಿದು, ‘ಇದು ನಮ್ಮ ಗಾಡಿಯೇ ಹೌದಾ?’ ಎಂದರಂತೆ. ಹುಡುಗನಿಗೆ ಯಾವ ರ‍್ಯಾಂಕೂ ಬೇಡವಾಯಿತು!

*ಹೋಗುವುದು ಹೇಗೆ?* ‘ನಮ್ಮ ಮೆಟ್ರೊ’ ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಜೆ.ಸಿ. ರಸ್ತೆ ಕಾಲ್ನಡಿಗೆಯ ದೂರ. ಕಲಾಸಿಪಾಳ್ಯ ಬಸ್ ನಿಲ್ದಾಣವೂ ಹತ್ತಿರವೇ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ. ಸ್ವಂತ ವಾಹನ ಒಯ್ದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹೊತ್ತು ಕಳೆಯುತ್ತದೆ. ಹಳೆಯ ಬಿಡಿಭಾಗವನ್ನು ಮಾದರಿಗೆ ಜೊತೆಗೆ ಒಯ್ಯಿರಿ, ಅಳತೆ ಬರೆದ ನೋಟ್‌ಬುಕ್ಕನ್ನು ಮರೆಯದಿರಿ. ಈ ರಸ್ತೆಯಲ್ಲಿ ಬರಿಗೈಯಲ್ಲಿ ಕೇಳಿದವರಿಗೆ ಸಾಮಾನು ಸಿಗುತ್ತದೆ, ಅಳತೆ ಹಿಡಿದು ಕೇಳಿದವರಿಗೆ ಪಾಠವೂ ಸಿಗುತ್ತದೆ.