ನಾರ್ಮಲ್ ಅಂದ್ರೆ ಯಾರ ನಾರ್ಮಲ್?

ಬಿಎಂಐ ಲೆಕ್ಕ ಹಾಕೋಕೆ ಯಾವ ಆ್ಯಪೂ ಬೇಕಿಲ್ಲ. ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಕೆ.ಜಿ. ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ, ಅಷ್ಟೇ. ನನ್ನ ತೂಕ 72 ಕೆ.ಜಿ., ಎತ್ತರ 1.72 ಮೀಟರ್. ಬಂದ ಉತ್ತರ 24.3.

ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಈ ಸಂಖ್ಯೆಯ ಮುಂದೆ ‘ನಾರ್ಮಲ್’ ಅಂತ ಇತ್ತು. ಅದರ ಕೆಳಗಿನ ಸಾಲು ಮಾತ್ರ ನಾರ್ಮಲ್ ಆಗಿರಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 5.9 ಇತ್ತು. 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ತೂಕ ಸರಿಯಿದ್ದರೆ ಸಕ್ಕರೆ ಯಾಕೆ ಏರಿತು?

ಸೂತ್ರದಲ್ಲಿ ತಪ್ಪಿಲ್ಲ, ಗೆರೆ ಎಲ್ಲಿ ಎಳೆದಿದ್ದಾರೆ ಅನ್ನೋದೇ ಪ್ರಶ್ನೆ. 1830ರ ದಶಕದಲ್ಲಿ ಈ ಲೆಕ್ಕ ಕೊಟ್ಟ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ವೈದ್ಯರಲ್ಲ, ಗಣಿತಜ್ಞ. ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಅಂತ ಹುಡುಕುತ್ತಿದ್ದವರು. ಬಿಎಂಐ ಅನ್ನೋ ಹೆಸರು ಬಂದಿದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ಜಗತ್ತಿನಲ್ಲಿ ಸಾಮಾನ್ಯವಾಗಿ ಬಳಸುವ ಗೆರೆಯ ಪ್ರಕಾರ 18.5ರಿಂದ 24.9 ನಾರ್ಮಲ್. ಆದರೆ 2009ರಲ್ಲಿ ಭಾರತದ ತಜ್ಞರು ನಮಗೆ ಅಂತ ಹಾಕಿದ ಗೆರೆ ಇನ್ನೂ ಕೆಳಗಿದೆ. 23 ಆದರೆ ಅಧಿಕ ತೂಕ, 25 ಆದರೆ ಬೊಜ್ಜು. ನನ್ನ ಎತ್ತರಕ್ಕೆ 23 ಅಂದ್ರೆ ಸುಮಾರು 68 ಕೆ.ಜಿ. ಅಲ್ಲಿಗೆ ನಾನು ನಾಲ್ಕು ಕೆ.ಜಿ. ಜಾಸ್ತಿ.

ಯಾಕೆ ಹೀಗೆ? ಬಿಎಂಐಗೆ ಗೊತ್ತಿರೋದು ತೂಕ ಮಾತ್ರ. ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿ ಕೂತಿದೆ ಅಂತ ಅದು ಹೇಳೋದಿಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2!

ಇದನ್ನು ಓದಿದಾಗ ನೆನಪಾಗಿದ್ದು ಅಪ್ಪ. ತಿಪಟೂರಿನಲ್ಲಿ ಮೇಷ್ಟ್ರಾಗಿದ್ದವರು, ಸಣಕಲು ಕೈಕಾಲು, ಅಂಗಿಯೊಳಗೆ ಪುಟ್ಟ ಹೊಟ್ಟೆ. ಬಿಎಂಐ 23 ದಾಟಿದ್ದೇ ಇಲ್ಲ. 44ಕ್ಕೇ ಸಕ್ಕರೆ ಕಾಯಿಲೆ ಬಂತು. ‘ಸಣ್ಣಗಿರೋರಿಗೆ ಅದೆಲ್ಲ ಬರಲ್ಲ’ ಅಂತ ಊರೆಲ್ಲ ಹೇಳುತ್ತಿತ್ತು, ಹಾಗಾಗಿ ಗೊತ್ತಾಗೋದು ತಡವಾಯ್ತು. ಅಷ್ಟರಲ್ಲಿ ಕಣ್ಣಿಗೂ ಪೆಟ್ಟು ಬಿದ್ದಿತ್ತು. ಈಗ ಪೇಪರಿನ ಹೆಡ್‌ಲೈನ್ ಮಾತ್ರ ಓದುತ್ತಾರೆ, ಉಳಿದದ್ದನ್ನು ಅಮ್ಮ ಓದಿ ಹೇಳಬೇಕು.

ಹಾಗಾಗಿ ಬಿಎಂಐ ಜೊತೆ ಇನ್ನೊಂದು ಅಳತೆ ಬೇಕು. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿರೋ ಟೇಪ್ ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ನೋಡಿ. ಹೊಟ್ಟೆ ಒಳಗೆ ಎಳ್ಕೋಬೇಡಿ! ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅನ್ನೋದು ನಮ್ಮವರ ಗೆರೆ. ಪ್ಯಾಂಟಿನ ಸೈಜ್ ನಂಬಬೇಡಿ, ಪ್ಯಾಂಟನ್ನು ನಾವು ಹೊಟ್ಟೆಯ ಕೆಳಗೆ ಕಟ್ಟಿಕೊಳ್ತೀವಿ. ನನ್ನದು 94 ಇತ್ತು.

ಡಾಕ್ಟರ್ ಮಾತ್ರೆ ಬರೆಯಲಿಲ್ಲ. ರಾತ್ರಿ ಅನ್ನ ಕಡಿಮೆ ಮಾಡಿ ಕಾಳು, ತರಕಾರಿ ಹೆಚ್ಚಿಸಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ, ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡೋಣ ಅಂದರು. ಎರಡು ತಿಂಗಳಾಗಿದೆ. ಟೇಪ್ ಈಗ 91 ತೋರಿಸುತ್ತಿದೆ.

ನನ್ನ ಚಿಂತೆ ಈಗ ತಮ್ಮನದು. 26 ವರ್ಷ, ಬಿಎಂಐ 21. “ಅಣ್ಣ, ನಾನು ಕಡ್ಡಿ ಥರ ಇದ್ದೀನಲ್ಲ, ನಂಗ್ಯಾಕೆ ಟೆಸ್ಟು?” ಅಂತ ನಗುತ್ತಿದ್ದ. ಅಪ್ಪನ ಹಳೇ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, “ಶನಿವಾರ ಖಾಲಿ ಹೊಟ್ಟೇಲಿ ಹೋಗ್ಬೇಕಾ?” ಅಂತ ಕೇಳಿದ.