ಜೀಪಿಗೆ ಜಿಪ್ಸಿಯ ಗಾಲಿ

ಘಟಪ್ರಭಾದ ನಮ್ಮ ಕಾಕಾನ ಹಳೇ ಮಹೀಂದ್ರ ಜೀಪಿನ ರಿಮ್ಮುಗಳು ತುಕ್ಕು ಹಿಡಿದು ಹೋಗಿದ್ವು. ಗುಜರಿಯಿಂದ ಮಾರುತಿ ಜಿಪ್ಸಿಯ ಗಾಲಿ ತಂದ್ರು. ಕಂಪನಿ ಬೇರೆ, ಆದ್ರೂ ಕೂಡುತ್ತೆ ಕಣ್ರೀ! ಎರಡರಲ್ಲೂ ಐದೇ ಬೋಲ್ಟು, ಅವು ಕೂತಿರೋ ವೃತ್ತದ ವ್ಯಾಸ 139.7 ಮಿ.ಮೀ., ಅಂದ್ರೆ ಹಳೇ ಲೆಕ್ಕದ ಐದೂವರೆ ಇಂಚು.

ತಂಟೆ ಇರೋದು ನಟ್ಟಲ್ಲಿ. ಜಿಪ್ಸಿಯದು 12 ಮಿ.ಮೀ., ಜೀಪಿನದು ಅರ್ಧ ಇಂಚು. ಸಾಲದ್ದಕ್ಕೆ ಈ ಜೀಪಿನ ಎಡಗಾಲಿಗಳ ಥ್ರೆಡ್ ಉಲ್ಟಾ!

"ಬಡದು ಕೂಡಸೂಣ್ರಿ" ಅಂದ ಗ್ಯಾರೇಜಿನ ಹುಡುಗ. ಕಬ್ಬಿನ ಹೊಲಕ್ಕೆ ಆಳುಗಳನ್ನ ತುಂಬ್ಕೊಂಡು ಹೋಗೋ ಗಾಡಿ ಅದು. ನಾನು ಒಪ್ಪಲಿಲ್ಲ. ಜೀಪಿನ ಸ್ವಂತ ನಟ್ಟುಗಳೇ ತೂತಲ್ಲಿ ಸರಿಯಾಗಿ ಕೂರುತ್ತವಾ ಅಂತ ಒಂದೊಂದಾಗಿ ನೋಡಿ ಬಿಗಿಸಿದ್ವಿ.

16 ಇಂಚಿನ ಗಾಲಿ ಹೋಗಿ 15 ಬಂದಿದ್ದಕ್ಕೆ ಗಾಡಿ ಸ್ವಲ್ಪ ಕುಳ್ಳಾಗಿದೆ, ಮೀಟರ್ ಇರೋ ವೇಗಕ್ಕಿಂತ ಜಾಸ್ತಿ ತೋರಿಸುತ್ತೆ. ಕಾಕಾಗೆ ಅದೇ ಖುಷಿ :)