ಹವಳದ ಬೇನೆ

ಸಂಸ್ಕೃತ ಕೋಶಕಾರರು ಹವಳಕ್ಕೆ ಹೇಳಿದ ಹೆಸರುಗಳಲ್ಲಿ ವಿದ್ರುಮ, ಪ್ರವಾಳ ಎಂಬವೆರಡು ಪ್ರಸಿದ್ಧವಾಗಿವೆ. ದ್ರುಮವೆಂದರೆ ಮರ, ಪ್ರವಾಳವೆಂದರೆ ಚಿಗುರೂ ಆಗುವದು. ಕಡಲ ತಳದಲ್ಲಿ ಟೊಂಗೆಯೊಡೆದು ನಿಂತುದನ್ನು ಹಿಂದಿನವರು ಗಿಡವೆಂದು ಬಗೆದದ್ದರಲ್ಲಿ ಆಶ್ಚರ್ಯವಿಲ್ಲ. ಯುರೋಪಿನ ಪಂಡಿತರೂ ಹಾಗೆಯೇ ತಿಳಿದಿದ್ದರು. 18ನೆಯ ಶತಮಾನದಲ್ಲಿ ಮಾರ್ಸೇಲ್ಸದ ವೈದ್ಯನಾದ ಪೇಸೊನೆಲ್ಲನು ಅದು ಪ್ರಾಣಿಯೆಂದು ಸಾರಿದಾಗ ಅವರು ಮೊದಲು ಅವನ ಮಾತನ್ನು ಮನ್ನಿಸಲಿಲ್ಲ. ಪೇಸೊನೆಲ್ಲನೇ ಗೆದ್ದನೆಂಬುದು ನಿಜ. ಆದರೂ ಆ ಹಳೆಯ ತಪ್ಪು ತಿಳಿವಳಿಕೆಯೇ ಒಮ್ಮೆ ಒಂದು ಹವಳದ ಜೀವವನ್ನುಳಿಸಿತು.

ಅಥಣಿ ತಾಲೂಕಿನ ಕೊಕಟನೂರಿನಿಂದ ಒಕ್ಕಲುತನದ ಗೃಹಸ್ಥರೊಬ್ಬರು ಅಮೇರಿಕದ ಟೆಕ್ಸಾಸ ಪ್ರಾಂತದಲ್ಲಿದ್ದ ಮಗನ ಮನೆಗೆ ಹೋಗಿದ್ದರು. ಅವರು ಅಲ್ಲಿಯ ವರೆಗೆ ಕಂಡ ಹವಳವೆಂದರೆ ಯಲ್ಲಮ್ಮನ ಜಾತ್ರೆಯ ಅಂಗಡಿಗಳಲ್ಲಿ ತೂಗುವ ಕೆಂಪು ಸರಗಳು ಮಾತ್ರ. ಅವುಗಳಲ್ಲಿಯೂ ಗಾಜಿನವೇ ಹೆಚ್ಚು. ಮಗನ ಮನೆಯ ಪಡಸಾಲೆಯಲ್ಲಿ 450 ಲೀಟರು ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿಯಿತ್ತು. ಅದರ ನಡುವೆ ಜಿಂಕೆಗೊಂಬಿನಂತೆ ಕವಲೊಡೆದ ನಸುನೀಲಿ ಹವಳವೊಂದು ತಾಟಿನಗಲ ಬೆಳೆದಿತ್ತು. ಆರು ವರ್ಷಗಳ ಹಿಂದೆ ಬೆರಳುದ್ದದ ತುಂಡಾಗಿ ಬಂದದ್ದು ಅದು. ಭಾರತದಲ್ಲಿ ಇದನ್ನು ಮನೆಯಲ್ಲಿ ಸಾಕುವ ಮಾತೇ ಇಲ್ಲ. 2001ರಲ್ಲಿ ಕಲ್ಲುಹವಳಗಳನ್ನೆಲ್ಲ 1972ರ ವನ್ಯಜೀವಿ ರಕ್ಷಣೆಯ ಕಾಯದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಯಿತು. ಹುಲಿಯಿರುವದೂ ಅದೇ ಪಟ್ಟಿಯಲ್ಲಿಯೇ; ಮುರ್ಡೇಶ್ವರದಾಚೆಯ ನೇತ್ರಾಣಿಯ ಹವಳವನ್ನು ಮುರಿದು ತರುವವನು ಇದನ್ನು ನೆನೆಯಬೇಕು. ಅಮೇರಿಕದಲ್ಲಾದರೋ ತೊಟ್ಟಿಯಲ್ಲಿಯೇ ಬೆಳೆಸಿದ ತುಂಡುಗಳು ಹವ್ಯಾಸಿಗಳ ಕೈಯಿಂದ ಕೈಗೆ ಹೋಗುವವು.

ಇಂಥ ಹವಳವು ಒಂದು ಪ್ರಾಣಿಯಲ್ಲ, ಒಂದು ಊರು. ಸಾಸಿವೆಯಷ್ಟು ಸಣ್ಣ ಬಾಯಿಗಳುಳ್ಳ ಸಾವಿರಾರು ಜೀವಿಗಳು ತಾವೇ ಕಟ್ಟಿದ ಸುಣ್ಣದ ಗೋಡೆಯ ಮೇಲೆ ತೆಳುವಾದ ಒಂದೇ ಚರ್ಮ ಹೊದ್ದು ಬಾಳುವವು. ಆ ಚರ್ಮದೊಳಗೆ ಕಣ್ಣಿಗೆ ಕಾಣದ ಪಾಚಿಯು ಮನೆ ಮಾಡಿಕೊಂಡು, ಬಿಸಿಲಿನಿಂದ ಅನ್ನವನ್ನು ಮಾಡಿ ಮನೆಯೊಡೆಯರಿಗೂ ಉಣಿಸುವದು. ನೀರಿನ ಬಿಸಿ 26 ಅಂಶದ ಸುತ್ತಮುತ್ತ, ಉಪ್ಪು ಸಾವಿರಕ್ಕೆ 35 ಭಾಗ, ಸುಣ್ಣ ಮತ್ತು ಕ್ಷಾರ ತಕ್ಕಷ್ಟು ಇರಬೇಕು. ಇವು ತುಸು ಹೆಚ್ಚುಕಡಿಮೆಯಾದರೂ ಅದು ಸಹಿಸೀತು. ಒಮ್ಮೆಲೆ ಬದಲಾದರೆ ಸಹಿಸದು.

ಮಗನು ಮಾಡಿದ ತಪ್ಪು ಅದೇ. ಹವಳವು ಬೇಗ ಬೆಳೆಯಲೆಂದು ಕ್ಷಾರದ ನೀರನ್ನು ಹೆಚ್ಚು ಹೆಚ್ಚಾಗಿ ಹನಿಸಿದನು. ಜರ್ಮನ ಮಾನದಿಂದ 8 ಅಂಶವಿದ್ದ ಕ್ಷಾರತೆಯು ಎರಡೇ ದಿವಸಗಳಲ್ಲಿ 12ಕ್ಕೆ ಏರಿತು. ಮೂರನೆಯ ಮುಂಜಾನೆ ಬುಡದಲ್ಲಿ ಬೆರಳಗಲ ಬಿಳುಪು ಕಂಡಿತು. ಸಂಜೆಗೆ ಅದು ಎರಡು ಬೆರಳಾಯಿತು.

ಬಿಳುಪೆಲ್ಲವೂ ಸಾವಲ್ಲ. ಸಮುದ್ರವು ಕಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರಗೆ ನೂಕಿ ಬೆಳ್ಳಗಾಗುವದು. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗಾದವು. ಆಗ ಚರ್ಮವು ಗಾಜಿನಂತೆ ತಿಳಿಯಾಗಿದ್ದರೂ ಜೀವಂತವಾಗಿಯೇ ಇರುವದು. ನೀರು ಬೇಗ ತಣಿದರೆ ಮತ್ತೆ ಬಣ್ಣ ಬಂದೀತು. ಈ ತೊಟ್ಟಿಯಲ್ಲಿ ನಡೆದದ್ದು ಅದಲ್ಲ. ಚರ್ಮವೇ ಕೊಳೆತು ಸುಲಿಸುಲಿದು ನೀರಿಗೆ ಬೀಳುತ್ತಿತ್ತು. ಸುಲಿದ ಭಾಗಕ್ಕೆ ಮತ್ತೆ ಜೀವ ಬರುವದಿಲ್ಲ.

ತಂದೆಯವರು ಬಹಳ ಹೊತ್ತು ಗಾಜಿನ ಮುಂದೆ ಕುಳಿತಿದ್ದರು.

“ಇನ್ನ ಯಾಕ ನೋಡಕೋತ ಕುಂತಿ, ತಮ್ಮಾ? ಹಸಿ ಇದ್ದಲ್ಲಿಂದ ಕಡಿ.”

“ಇದು ಗಿಡ ಅಲ್ಲಪ್ಪಾ, ಪ್ರಾಣಿ.”

“ಪ್ರಾಣಿ ಆದ್ರ ಟೊಂಗಿ ಯಾಕ ಬಿಟ್ಟೈತಿ?”

ಈ ಮಾತು ವಿನೋದಕ್ಕೆ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಅವರ ದಾಳಿಂಬೆಯ ತೋಟಕ್ಕೆ ದುಂಡಾಣು ಅಂಗಮಾರಿ ತಗುಲಿತ್ತು. ಚುಕ್ಕೆ ಬಿದ್ದ ಟೊಂಗೆಯನ್ನು ಎರಡು ಬೆರಳು ಕೆಳಗೆ ಕಡಿದು, ಕತ್ತರಿಯನ್ನು ಪ್ರತಿ ಸಲವೂ ಔಷಧದಲ್ಲಿ ಅದ್ದಿ ತೆಗೆಯಬೇಕೆಂದು ತಿಳಿದವರು ಹೇಳಿದ್ದರು. ಕಾಯಿ ಹಿಡಿದ ಟೊಂಗೆಗೆ ಕತ್ತರಿ ಹಾಕಲು ಅವರಿಗೆ ಮನಸ್ಸಾಗಲಿಲ್ಲ; ಹದಿನೈದು ದಿವಸ ಕಾದರು. ಅಷ್ಟರಲ್ಲಿ ಮಳೆಯ ಹನಿಗಳು ಸಿಡಿದು ರೋಗವು ಗಿಡದಿಂದ ಗಿಡಕ್ಕೆ ಹಾರಿತು. ಎರಡು ಎಕರೆಯನ್ನು ಬೇರುಸಹಿತ ಕಿತ್ತು ಸುಡಬೇಕಾಯಿತು. ಮಗನಿಗೆ ಇದು ಗೊತ್ತಿತ್ತು. ಆ ವರ್ಷ ಅವನ ಕಾಲೇಜಿನ ಶುಲ್ಕಕ್ಕೆ ಸಾಲ ತಂದಿದ್ದರು.

ಆದರೂ ಆರು ವರ್ಷದ ಬೆಳೆಯನ್ನು ತುಂಡರಿಸುವದೆಂದರೆ ಸುಲಭವಲ್ಲ. ಬಿಳುಪು ತಾನಾಗಿ ನಿಂತರೆ ಅಖಂಡವಾಗಿ ಉಳಿದೀತೆಂದು ಮಗನ ಆಸೆ. ರಾತ್ರಿಯೆಲ್ಲ ಅವನಿಗೆ ನಿದ್ರೆಯಿಲ್ಲ. ಬೆಳಗಾಗುವದರೊಳಗೆ ಬುಡದ ಮೂರು ಕವಲುಗಳು ಎಲುಬಿನಂತೆ ನಿಂತಿದ್ದವು.

ಅವನು ಹವಳವನ್ನು ಹೊರಗೆ ತೆಗೆದನು. ತಂದೆಯವರು ಹಿಡಿದರು, ಮಗನು ಕತ್ತರಿಸಿದನು. ಬಿಳುಪಿನ ಗೆರೆಯ ಮೇಲೆ ಆರೋಗ್ಯವಾದ ಭಾಗದಲ್ಲಿ ಉಗುರಗಲ ಬಿಟ್ಟು ಏಳು ಟೊಂಗೆಗಳನ್ನು ಕಡಿದರು. ಅದೇ ತೊಟ್ಟಿಯ ನೀರಿಗೆ ಅಯೋಡಿನ ಬೆರೆಸಿ, ಅದರಲ್ಲಿ ತುಂಡುಗಳನ್ನು ಹತ್ತು ನಿಮಿಷ ಅದ್ದಿದರು. ಆಮೇಲೆ ಕ್ಷಣದಲ್ಲಿ ಹಿಡಿಯುವ ಅಂಟಿನಿಂದ ಚಿಕ್ಕ ಬಿಲ್ಲೆಗಳ ಮೇಲೆ ನಿಲ್ಲಿಸಿ, ಬೆಳಕು ಕಡಿಮೆಯಿದ್ದ ಮೂಲೆಯಲ್ಲಿ ಇಟ್ಟರು. ಉಳಿದ ಬೊಡ್ಡೆಯನ್ನು ತೊಟ್ಟಿಗೆ ಮರಳಿಸಲಿಲ್ಲ.

ಇನ್ನು ನೀರಿನ ಮಾತು. ಮಗನು ಅರ್ಧ ತೊಟ್ಟಿಯನ್ನು ಬರಿದುಮಾಡಿ ಹೊಸ ನೀರು ತುಂಬಲು ಹೊರಟಿದ್ದನು. ಏರಿದ ವೇಗದಿಂದಲೇ ಇಳಿಸಿದರೆ ಅದೂ ಒಂದು ಪೆಟ್ಟೇ ಅಲ್ಲವೆ? ಕೊನೆಗೆ ಕ್ಷಾರ ಹನಿಸುವದನ್ನು ನಿಲ್ಲಿಸಿ, ಅದು ತಾನಾಗಿ ಇಳಿಯುವ ವರೆಗೆ ಸುಮ್ಮನಿದ್ದರು. ಕಡಿಯುವದಕ್ಕಿಂತ ಈ ಸುಮ್ಮನಿರುವದೇ ಅವನಿಗೆ ಹೆಚ್ಚು ಕಷ್ಟವಾಯಿತು. ದಿನಕ್ಕೆ ನಾಲ್ಕು ಸಲ ನೀರನ್ನು ಅಳೆಯುತ್ತಿದ್ದನು.

ಮೊದಲನೆಯ ವಾರದಲ್ಲಿ ಮೂರು ತುಂಡುಗಳು ಸತ್ತವು. ಎರಡನೆಯ ವಾರದಲ್ಲಿ ಸಾವು ನಿಂತಿತು. ಮೂರನೆಯ ವಾರ ರಾತ್ರಿ ದೀಪವಾರಿದ ಮೇಲೆ ಮುದುಕರೇ ಮೊದಲು ಕಂಡರು: ಒಂದು ತುಂಡಿನ ಬಾಯಿಗಳು ತೆರೆದು ಕೂದಲಿನಂಥ ಎಳೆಗಳು ಹೊರಗೆ ಬಂದಿದ್ದವು. ಅದರ ಬುಡದ ಚರ್ಮವು ಅಂಟಿನ ಮೇಲೆ ಅಕ್ಕಿಕಾಳಿನಷ್ಟು ಹರಿದು ಬಂದಿತ್ತು. ಅವರು ಮಗನನ್ನು ಎಬ್ಬಿಸಿ ತೋರಿಸಿದರು.

ಅಕ್ಟೋಬರದ ದ್ರಾಕ್ಷಿಯ ಚಾಟ್ನಿಗೆ ಆಳುಗಳನ್ನು ಗೊತ್ತುಮಾಡಬೇಕಾಗಿತ್ತು. ಆ ವಾರವೇ ಅವರು ಊರಿಗೆ ಹೊರಟರು. ಸತ್ತ ಬೊಡ್ಡೆಯನ್ನು ತಮ್ಮ ಪೆಟ್ಟಿಗೆಯಲ್ಲಿ ಹಾಕಿಕೊಳ್ಳುವವರಿದ್ದರು. ಕಾಯದೆಯನ್ನು ನೆನಪಿಸಿ ಮಗನು ಅದನ್ನು ತೆಗೆದಿಟ್ಟನು.